ಕ್ಯಾರವಾನ್ ಟ್ರೇಲರಿನ ಎಡ ಚಕ್ರದ ಹಬ್ ಮುಟ್ಟಲಾಗದಷ್ಟು ಬಿಸಿ, ಎಲ್ಲಿಂದ ಹುಡುಕಲಿ?

ತೋಟದ ಮನೆ, ನೀರ್ಚಾಲು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಒಂದು ಸಣ್ಣ ಕ್ಯಾರವಾನ್ ಟ್ರೇಲರ್ (ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮನೆ) ಸೆಕೆಂಡ್ ಹ್ಯಾಂಡಿಗೆ ತಗೊಂಡಿದ್ದೇನೆ. ಒಂದೇ ಆಕ್ಸಲ್, ಎರಡು ಚಕ್ರ, ಟಯರ್ 155/80 ಆರ್13. ಬ್ರೇಕ್ ಓವರ್‌ರನ್ ಮಾದರಿಯದ್ದು. ಅಂದರೆ ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಹಿಂದಿನಿಂದ ನೂಕುತ್ತದೆ, ಆ ನೂಕಿನಿಂದಲೇ ಬ್ರೇಕ್ ಹಿಡಿಯುತ್ತದೆ. ಎಳೆಯುವುದು ನಮ್ಮ ಬೊಲೆರೊ.

ಕಳೆದ ವಾರ ಮಕ್ಕಳನ್ನು ಕರೆದುಕೊಂಡು ಮರವಂತೆಗೆ ಹೋಗಿದ್ದೆವು. ಬರುವಾಗ ತಲಪಾಡಿ ದಾಟಿ ಉಪ್ಪಳ ಹತ್ತಿರ ಚಹಾಕ್ಕೆ ನಿಲ್ಲಿಸಿದೆ. ಇಳಿದ ಕೂಡಲೇ ಸುಟ್ಟ ಗ್ರೀಸಿನ ವಾಸನೆ. ಎಡ ಚಕ್ರದ ಮಧ್ಯಕ್ಕೆ, ಅಂದರೆ ಹಬ್ಬಿಗೆ, ಕೈ ಇಡಲು ಆಗಲಿಲ್ಲ. ಬಲದ್ದು ಸ್ವಲ್ಪ ಬೆಚ್ಚಗೆ, ಅಷ್ಟೇ. ಒಂದು ಗಂಟೆ ಆರಲು ಬಿಟ್ಟು, ಸರ್ವಿಸ್ ರೋಡಿನಲ್ಲಿ 25–30ರ ವೇಗದಲ್ಲಿ ಮನೆಗೆ ತಂದೆ.

ಈ ಪ್ರವಾಸಕ್ಕೆ ಮೊದಲು ಒಂದು ವರ್ಕ್‌ಶಾಪಿಗೆ ತೋರಿಸಿದ್ದೆ. ಎಡ ಚಕ್ರ ಸ್ವಲ್ಪ ಆಡುತ್ತಿತ್ತು. ಅವರು ಮುಚ್ಚಳ ತೆಗೆದು ನಟ್ ಬಿಗಿ ಮಾಡಿ, ಮೇಲಿಂದ ಗ್ರೀಸ್ ತುಂಬಿಸಿ ಕೊಟ್ಟರು. ಈಗ ಆಟ ಏನೂ ಇಲ್ಲ. ಹಾಗಾದರೆ ಬಿಸಿ ಎಲ್ಲಿಂದ? ಬ್ರೇಕ್ ಹಿಡಿದುಕೊಂಡಿದೆಯಾ? ಮುಂದಿನ ತಿಂಗಳು ಮನೆಯವರನ್ನೆಲ್ಲ ಕರೆದುಕೊಂಡು ಮತ್ತೆ ಹೋಗುವುದುಂಟು. ಅದಕ್ಕೇ ಹೆದರಿಕೆ ಆಗ್ತಾ ಇದೆ.

ಕಡಲ ಬದಿ, ಮಂಜೇಶ್ವರ:

ಅಣ್ಣ, ಮೊದಲು ಒಂದು ಮಾತು. ಇದನ್ನು ಬಿಚ್ಚಿ ನೋಡದೆ ಇನ್ನು ಒಂದು ಕಿಲೋಮೀಟರ್ ಕೂಡ ಎಳೆಯಬೇಡಿ. ಬೇರಿಂಗ್ ಜಾಮ್ ಆದರೆ ಆಕ್ಸಲ್ ತುದಿಯೇ ಕೊರೆದು ಹೋಗಿ ಚಕ್ರ ಕಳಚಿಕೊಳ್ಳುತ್ತದೆ. ಹೈವೇಯಲ್ಲಿ ಹಾಗಾದರೆ ನಮ್ಮ ಗಾಡಿಗೆ ಮಾತ್ರ ಅಲ್ಲ, ಹಿಂದೆ ಬೈಕಿನಲ್ಲಿ ಬರುವವರಿಗೂ ಅಪಾಯ.

ಬ್ರೇಕೋ ಬೇರಿಂಗೋ ಅಂತ ಗೊತ್ತಾಗಬೇಕಾದರೆ ಬಿಸಿ ಎಲ್ಲಿ ಜಾಸ್ತಿ ಅಂತ ನೋಡಬೇಕು. ಬ್ರೇಕ್ ಶೂ ಉಜ್ಜುತ್ತಿದ್ದರೆ ಡ್ರಮ್ಮಿನ ಸುತ್ತು, ರಿಮ್ಮು ಜಾಸ್ತಿ ಕಾಯುತ್ತದೆ. ಬೇರಿಂಗ್ ಆದರೆ ಮಧ್ಯದ ಮುಚ್ಚಳ. ಉಪ್ಪಳದಲ್ಲಿ ನಿಮಗೆ ಯಾವುದು ಜಾಸ್ತಿ ಅನಿಸಿತು?

ಇನ್ನೊಂದು, ಹಿಚ್ (ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಜಾಗ) ಹಿಂದಿನ ಆ ಜಾರುವ ದಂಡವನ್ನು ನೋಡಿ. ರಿವರ್ಸ್ ತೆಗೆದಾಗ ಅದು ಒಳಗೆ ಹೋಗುತ್ತದೆ. ಮುಂದೆ ಹೊರಟಾಗ ಪೂರ್ತಿ ಹೊರಗೆ ಬರಬೇಕು. ನಮ್ಮ ಕಡಲ ಗಾಳಿಗೆ ಅದು ತುಕ್ಕು ಹಿಡಿದು ಅರ್ಧದಲ್ಲೇ ನಿಂತರೆ ಬ್ರೇಕ್ ದಾರಿಯುದ್ದಕ್ಕೂ ಹಿಡಿದೇ ಇರುತ್ತದೆ. ಆದರೆ ಹಾಗಾದಾಗ ಸಾಮಾನ್ಯವಾಗಿ ಎರಡೂ ಚಕ್ರ ಕಾಯುತ್ತದೆ. ನಿಮ್ಮದು ಒಂದೇ.

ತೋಟದ ಮನೆ, ನೀರ್ಚಾಲು:

ಮಧ್ಯದ ಮುಚ್ಚಳವೇ ಜಾಸ್ತಿ, ಅದರಲ್ಲಿ ಸಂಶಯ ಇಲ್ಲ. ಬಾಟಲಿಯ ನೀರು ಚಿಮುಕಿಸಿದಾಗ ಮುಚ್ಚಳದ ಮೇಲೆ ಚುಂಯ್ ಅಂತ ಆವಿ ಬಂತು. ರಿಮ್ಮಿನ ಮೇಲೆ ನೀರು ಹಾಗೇ ಇಳಿದು ಹೋಯಿತು. ಜಾರುವ ದಂಡ ಸರಿಯಾಗಿ ಹೊರಗೆ ಬರುತ್ತದೆ, ಈಗಷ್ಟೇ ನೋಡಿ ಬಂದೆ.

ಲೇತ್ ಕೆಲಸ, ಉಪ್ಪಳ:

ಹಾಗಾದರೆ ಬೇರಿಂಗೇ ಮಾರಾಯ್ರೆ. ನನಗೆ ಸಂಶಯ ಬಂದದ್ದು ಎಲ್ಲಿ ಅಂದರೆ, ನೀವು "ಈಗ ಆಟ ಏನೂ ಇಲ್ಲ" ಅಂದಿರಲ್ಲ, ಅಲ್ಲಿ. ಇಂಥ ಟ್ರೇಲರ್ ಹಬ್ಬಿನಲ್ಲಿ ಸಾಮಾನ್ಯವಾಗಿ ಇರುವುದು ಟೇಪರ್ ರೋಲರ್ ಬೇರಿಂಗ್, ಅಂದರೆ ಓರೆಯಾಗಿ ಕೂತ ರೋಲರುಗಳದ್ದು. ಅದಕ್ಕೆ ಕೂದಲೆಳೆಯಷ್ಟು ಆಟ ಬೇಕೇ ಬೇಕು. ಓಡುವಾಗ ಲೋಹ ಕಾಯ್ದು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಪಾನಾ ಹಾಕಿ ಬಿಗಿದರೆ ಕೈಗೆ ಚೆನ್ನಾಗಿಯೇ ಅನಿಸುತ್ತದೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಒಳಗೆ ರೋಲರುಗಳು ಹಿಂಡಿಕೊಂಡು ಕಾಯಲು ಸುರು ಆಗುತ್ತದೆ.

ಆದರೆ ಮೊದಲು ಅದು ಆಡಲು ಸುರು ಮಾಡಿದ್ದು ಯಾಕೆ? ಒಳಗೆ ಏನೋ ಸವೆದಿದೆ. ಅದನ್ನು ನೋಡದೆ ಬರೇ ನಟ್ ಬಿಗಿದರೆ ಜ್ವರ ಯಾಕೆ ಬಂತು ಅಂತ ನೋಡದೆ ಕಂಬಳಿ ಹೊದಿಸಿದ ಹಾಗೆ. ಬಿಚ್ಚಿ.

ಟ್ರೇಲರನ್ನು ಬೊಲೆರೊಗೆ ಸಿಕ್ಕಿಸಿಯೇ ಇಡಿ. ಬಲ ಚಕ್ರಕ್ಕೆ ಹಿಂದೆ ಮುಂದೆ ಮುರಕಲ್ಲು ಕೊಡಿ. ಜಾಕಿಯನ್ನು ಕ್ಯಾರವಾನಿನ ಅಡಿಗೆ ಕೊಡಬೇಡಿ, ನೆಲದ ಪ್ಲೈವುಡ್ ಒಡೆಯುತ್ತದೆ. ಆಕ್ಸಲ್ಲಿಗೆ, ಸ್ಪ್ರಿಂಗ್ ಪಟ್ಟಿಯ ಪಕ್ಕದಲ್ಲಿ ಕೊಡಿ. ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲೆ ಇಡಿ. ಬೇರಿಂಗ್ ಕೆಟ್ಟಿದ್ದರೆ ಮರಳು ಅರೆದ ಹಾಗೆ ಒಂದು ನಡುಕ ಕೈಗೆ ತಾಗುತ್ತದೆ. ಕಿವಿಗೆ ಕೇಳದಿದ್ದರೂ ಕೈಗೆ ಗೊತ್ತಾಗುತ್ತದೆ. ಆಮೇಲೆ ಹಬ್ ಎಳೆದು ಗ್ರೀಸಿನ ಬಣ್ಣ ನೋಡಿ ಬರೆಯಿರಿ. ಬೇರಿಂಗ್ ಮೇಲೆ ಕೊರೆದ ನಂಬರನ್ನೂ ಓದಿ.

ಪಯಸ್ವಿನಿ, ಮುಳ್ಳೇರಿಯ:

ಸಾಮಾನು ಎಡಕ್ಕೆ ಜಾಸ್ತಿ ಉಂಟಾ? ನನ್ನ ಟ್ರೇಲರಿನಲ್ಲಿ ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ಬ್ಯಾಟರಿ ಎಲ್ಲ ಒಂದೇ ಬದಿಗೆ ಇತ್ತು. ಅಡಿಕೆ ಲಾರಿ ತೂಗುವ ವೇ ಬ್ರಿಡ್ಜಿಗೆ ಹೋಗಿ ಒಂದೊಂದೇ ಚಕ್ರ ಹತ್ತಿಸಿ ತೂಗಿದ ಮೇಲೆ ನಿಜ ಗೊತ್ತಾಯಿತು.

ತೋಟದ ಮನೆ, ನೀರ್ಚಾಲು:

ಇವತ್ತು ಬೆಳಿಗ್ಗೆ ಅಂಗಳದಲ್ಲೇ ಬಿಚ್ಚಿದೆ. ಹೇಳಿದ ಹಾಗೇ ಸ್ಪ್ರಿಂಗ್ ಮೇಲೆ ಕೈ ಇಟ್ಟಾಗ ಗರಗರ ಅಂತ ತಾಗಿತು. ಬಲ ಬದಿಯಲ್ಲಿ ಅದು ಇಲ್ಲವೇ ಇಲ್ಲ.

ಎರಡು ಅಡಿಕೆ ಹಾಳೆ ಹಾಸಿ ಕಳಚಿದ್ದನ್ನೆಲ್ಲ ಸಾಲಾಗಿ ಇಟ್ಟೆ. ಹೊರಗಿನ ಬೇರಿಂಗಿನಲ್ಲಿ ಹೊಸ ಗ್ರೀಸ್ ಚೆನ್ನಾಗಿಯೇ ಇತ್ತು. ಒಳಗಿನದ್ದಕ್ಕೆ ಅದು ಮುಟ್ಟಿಯೇ ಇಲ್ಲ. ಅಲ್ಲಿದ್ದ ಗ್ರೀಸ್ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿ ನೀರಾಗಿತ್ತು. ರೋಲರುಗಳ ಮೇಲೆ ಸಣ್ಣ ಸಣ್ಣ ಗುಳಿ, ಒಂದು ಬದಿ ನೀಲಿ ಬಣ್ಣ. ನಂಬರ್ ಒಳಗಿನದ್ದು 30206, ಹೊರಗಿನದ್ದು 30204.

ಗ್ರೀಸ್ ನೋಡಿದ ಮೇಲೆ ಒಂದು ಸಂಗತಿ ನೆನಪಾಯಿತು. ಜೂನ್ ತಿಂಗಳಲ್ಲಿ ಒಂದು ದಿನ ಮಂಗಳೂರಿನಿಂದ ಬರುವಾಗ ಜೋರು ಮಳೆ. ಕುಂಬಳೆ ಹತ್ತಿರ ಸರ್ವಿಸ್ ರೋಡಿನಲ್ಲಿ ನೀರು ನಿಂತಿತ್ತು. ರಸ್ತೆ ಎಡಕ್ಕೆ ವಾಲಿದ್ದರಿಂದ ಎಡ ಚಕ್ರ ಅರ್ಧಕ್ಕೆ ಮುಳುಗಿತು. ಬ್ಲಾಕ್ ಬೇರೆ, ಐದು ನಿಮಿಷ ನೀರಲ್ಲೇ ನಿಂತಿದ್ದೆವು. ಮನೆಗೆ ಬಂದು ಟ್ರೇಲರನ್ನು ಶೆಡ್ಡಿಗೆ ಸೇರಿಸಿದ್ದು, ಆಟಿ ತಿಂಗಳು ಕಳೆದು ಮಳೆ ಬಿಡುವವರೆಗೆ ಮುಟ್ಟಲೇ ಇಲ್ಲ. ಇದರಿಂದಲೇ ಆಗಿರಬಹುದಾ?

ಲೇತ್ ಕೆಲಸ, ಉಪ್ಪಳ:

ಅದರಿಂದಲೇ. ಹೈವೇಯಲ್ಲಿ ಓಡಿ ಬಂದ ಹಬ್ ಬಿಸಿ ಇರುತ್ತದೆ, ಒಳಗಿನ ಗಾಳಿಯೂ ಬಿಸಿ. ತಣ್ಣೀರಿಗೆ ಇಳಿದ ಕೂಡಲೇ ಆ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಹಿಂದಿನ ಆಯಿಲ್ ಸೀಲಿನ (ಗ್ರೀಸ್ ಹೊರಗೆ, ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ತುಟಿಯ ಬಳೆ) ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಮೂರು ತಿಂಗಳು ತಿರುಗದೆ ನಿಂತಿದೆ. ರೋಲರ್ ಕೂತ ಜಾಗದಲ್ಲೇ ತುಕ್ಕು ಹಿಡಿದು ಗುಳಿ ಬಿದ್ದಿದೆ. ಅದೇ ನಿಮಗೆ ಆಟವಾಗಿ ಕಂಡದ್ದು. ಅದರ ಮೇಲೆ ನಟ್ ಬಿಗಿದದ್ದು ಸೇರಿ ಸುಟ್ಟಿತು. ಉಪ್ಪಳದಲ್ಲಿ ನೀರು ಚಿಮುಕಿಸಿದಿರಲ್ಲ, ಇನ್ನು ಮುಂದೆ ಬಿಸಿ ಹಬ್ಬಿಗೆ ಅದನ್ನೂ ಮಾಡಬೇಡಿ, ಕಾರಣ ಇದೇ.

ಕಡಲ ಬದಿ, ಮಂಜೇಶ್ವರ:

ದೋಣಿ ಸಾಗಿಸುವ ನಮ್ಮ ಟ್ರೇಲರಿನಲ್ಲಿ ಇದು ಪ್ರತಿ ವರ್ಷದ ಕಥೆ. ದೋಣಿ ಇಳಿಸುವ ಮೊದಲು ಹಬ್ ಆರುವವರೆಗೆ ದಡದಲ್ಲೇ ಕಾಯುತ್ತೇವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಟ್ರೇಲರನ್ನು ಅಂಗಳದಲ್ಲಿ ನಾಲ್ಕು ಮಾರು ಹಿಂದೆ ಮುಂದೆ ಉರುಳಿಸಿ, ಅಣ್ಣ. ಇಬ್ಬರು ಸೇರಿದರೆ ಕೈಯಲ್ಲೇ ಆಗುತ್ತದೆ. ರೋಲರಿಗೆ ಗ್ರೀಸ್ ಹೊಸತಾಗಿ ಮೆತ್ತಿಕೊಳ್ಳುತ್ತದೆ, ಟಯರೂ ಒಂದೇ ಜಾಗದಲ್ಲಿ ಚಪ್ಪಟೆ ಆಗುವುದಿಲ್ಲ.

ಲೇತ್ ಕೆಲಸ, ಉಪ್ಪಳ:

ಈಗ ರಿಪೇರಿ. ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ. 06 ಅಂದರೆ 30 ಮಿಲಿಮೀಟರ್, 04 ಅಂದರೆ 20. ಇವೆರಡೂ ಸಾಮಾನ್ಯ ಬೇರಿಂಗು, ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಸಿಗುತ್ತದೆ. ಕ್ಯಾರವಾನಿನ ಅಂಗಡಿಯನ್ನು ಹುಡುಕುವ ಅಗತ್ಯ ಇಲ್ಲ. ರೋಲರ್ ಇರುವ ಕೋನ್ ಮಾತ್ರ ಬದಲಿಸಿ ಹಬ್ಬಿನ ಒಳಗಿನ ಕಪ್ (ರೋಲರುಗಳು ಉರುಳುವ ಹೊರಬಳೆ) ಹಾಗೇ ಬಿಡಬೇಡಿ. ಎರಡೂ ಜೋಡಿಯಾಗಿಯೇ ಹೋಗಬೇಕು. ಹಳೆ ಕಪ್ಪನ್ನು ಹಿತ್ತಾಳೆ ಸರಳು ಇಟ್ಟು ಸುತ್ತಲೂ ಒಂದೊಂದೇ ಪೆಟ್ಟು ಹೊಡೆದು ತೆಗೆಯಿರಿ. ಹೊಸದನ್ನು ಕೂರಿಸಲು ಹಳೆಯದನ್ನೇ ಮೇಲೆ ಇಟ್ಟು ಹೊಡೆಯಬಹುದು. ಪೂರ್ತಿ ಕೂತಾಗ ಸುತ್ತಿಗೆಯ ಶಬ್ದ ಬದಲಾಗುತ್ತದೆ.

ಆಯಿಲ್ ಸೀಲ್ ಹೊಸತು ಹಾಕಿ. ಅದಕ್ಕೆ ಮೊದಲು ಆಕ್ಸಲ್ಲಿನಲ್ಲಿ ಸೀಲಿನ ತುಟಿ ತಾಗುವ ಜಾಗದಲ್ಲಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ. ಸೀಲ್ ಎಷ್ಟು ಹೊಸದಾದರೂ ನೀರು ಒಳಗೆ ಹೋಗುತ್ತದೆ.

ಗ್ರೀಸನ್ನು ಮೇಲಿಂದ ತುಂಬಿಸುವುದಲ್ಲ. ಅಂಗೈಯಲ್ಲಿ ಒಂದು ನಿಂಬೆಹಣ್ಣಿನಷ್ಟು ಇಟ್ಟುಕೊಂಡು, ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಹಿಡಿಯಬೇಕು. ರೋಲರುಗಳ ನಡುವಿನಿಂದ ಆಚೆ ಬದಿಗೆ ಹೊರಡುವವರೆಗೆ. ಹಬ್ಬಿನ ಹೊಟ್ಟೆಯನ್ನು ಪೂರ್ತಿ ತುಂಬಬೇಡಿ, ಜಾಸ್ತಿಯಾದರೂ ಕಾಯುತ್ತದೆ. ನಮ್ಮ ಕರಾವಳಿಗೆ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ಒಳ್ಳೆಯದು, ನೀರಿಗೆ ಬೇಗ ಸೋಲುವುದಿಲ್ಲ. ಸಿಗದಿದ್ದರೆ ಲಿಥಿಯಂ ಕಾಂಪ್ಲೆಕ್ಸ್. ಯಾವುದಾದರೂ ಹಳೆಯದರ ಜೊತೆ ಬೆರೆಸಬೇಡಿ. ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು, ಒಣಗಿಸಿ ಹಾಕಿ.

ಕೊನೆಗೆ ನಟ್. ಚಕ್ರವನ್ನು ತಿರುಗಿಸುತ್ತಾ ಪಾನಾದಲ್ಲಿ ಬಿಗಿ ಮಾಡಿ, ತಿರುಗಲು ಕಷ್ಟ ಆಗುವವರೆಗೆ. ಅದು ಬೇರಿಂಗ್ ಕೂರಲಿಕ್ಕೆ. ಆಮೇಲೆ ನಟ್ಟನ್ನು ಪೂರ್ತಿ ಸಡಿಲ ಮಾಡಿ, ಪಾನಾ ಕೆಳಗಿಟ್ಟು ಬರೇ ಬೆರಳಿನಲ್ಲಿ ಬಿಗಿ ಮಾಡಿ. ನಟ್ ತಿರುಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ನಿನ ತೂತು ಸರಿಬರದಿದ್ದರೆ ಮುಂದಕ್ಕೆ ಅಲ್ಲ, ಹಿಂದಕ್ಕೆ ತಿರುಗಿಸಿ. ಪಿನ್ ಹೊಸತೇ ಇರಲಿ.

ತೋಟದ ಮನೆ, ನೀರ್ಚಾಲು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ. ಉಗುರು ಸಿಕ್ಕಿಕೊಂಡಿತು. ಸಣ್ಣ ಗೆರೆ ಬಿದ್ದಿದೆ. ಆಕ್ಸಲ್ ಬದಲಿಸಬೇಕಾ?

ಲೇತ್ ಕೆಲಸ, ಉಪ್ಪಳ:

ಬೇಡ. ಸೀಲನ್ನು ಎರಡು ಮಿಲಿಮೀಟರ್ ಮೊದಲೇ ನಿಲ್ಲಿಸಿ ಕೂರಿಸಿದರೆ ತುಟಿ ಗೆರೆ ಬಿಟ್ಟು ನಯವಾದ ಜಾಗಕ್ಕೆ ತಾಗುತ್ತದೆ. ಜಾಗ ಸಾಲದಿದ್ದರೆ ಗೆರೆಯ ಮೇಲೆ ಒಂದು ತೆಳು ಸ್ಲೀವ್ (ಲೋಹದ ಬಳೆ) ಹಾಕಿಸಬಹುದು. ಯಾವ ಲೇತಿನಲ್ಲೂ ಮಾಡಿಕೊಡುತ್ತಾರೆ. ಬಲದ ಹಬ್ಬನ್ನೂ ಬಿಚ್ಚಿ ನೋಡಿ. ಅದೂ ಅದೇ ನೀರಿನಲ್ಲಿ ಬಂದದ್ದು.

ತೋಟದ ಮನೆ, ನೀರ್ಚಾಲು:

ಹತ್ತು ದಿನ ಆಯಿತು, ಎಲ್ಲ ಮುಗಿಸಿಯೇ ಬರೆಯೋಣ ಅಂತ ಇದ್ದೆ.

ಬಲದ ಬೇರಿಂಗ್ ಸರಿಯಾಗಿಯೇ ಇತ್ತು, ಆದರೆ ಗ್ರೀಸಿನಲ್ಲಿ ಸ್ವಲ್ಪ ಬಿಳಿ ಕಂಡಿತು. ತೊಳೆದು ಹೊಸ ಗ್ರೀಸ್, ಹೊಸ ಸೀಲ್ ಹಾಕಿದೆ. ಎಡದ್ದು ಎಲ್ಲ ಹೊಸತು. ಸೀಲನ್ನು ಎರಡು ಮಿಲಿಮೀಟರ್ ಈಚೆಗೆ ಕೂರಿಸಿದೆ.

ಪಯಸ್ವಿನಿಯವರು ಹೇಳಿದ್ದನ್ನೂ ಬಿಡಲಿಲ್ಲ. ಬದಿಯಡ್ಕದ ಕಡೆ ಒಂದು ವೇ ಬ್ರಿಡ್ಜಿನಲ್ಲಿ ನೀರು ತುಂಬಿಸಿ, ಪಾತ್ರೆ ಹಾಸಿಗೆ ಸಮೇತ ತೂಗಿದೆ. ಎಡ ಚಕ್ರ 440 ಕೆಜಿ, ಬಲ 340. ನೂರು ಕೆಜಿ ವ್ಯತ್ಯಾಸ! ಇಷ್ಟು ದಿನ ಗೊತ್ತೇ ಇರಲಿಲ್ಲ.

ಲೇತ್ ಕೆಲಸ, ಉಪ್ಪಳ:

ಬೇರಿಂಗಿಗೆ 440 ದೊಡ್ಡ ಲೆಕ್ಕ ಅಲ್ಲ. ಟಯರಿಗೆ ಲೆಕ್ಕ. ಟಯರಿನ ಬದಿಯಲ್ಲಿ 155/80 ಆರ್13 ಆದ ಮೇಲೆ ಒಂದು ಅಂಕಿ ಇರುತ್ತದೆ, ಓದಿ ನೋಡಿ.

ತೋಟದ ಮನೆ, ನೀರ್ಚಾಲು:

79 ಅಂತ ಉಂಟು.

ಲೇತ್ ಕೆಲಸ, ಉಪ್ಪಳ:

79 ಅಂದರೆ ಒಂದು ಟಯರ್ ಹೊರುವುದು ಹೆಚ್ಚೆಂದರೆ 437 ಕೆಜಿ. ಅದೂ ಗಾಳಿ ಸರಿಯಾಗಿದ್ದಾಗ. ನೀವು ಅದನ್ನೂ ದಾಟಿದ್ದೀರಿ. ಎಡದಿಂದ ಏನನ್ನಾದರೂ ಬಲಕ್ಕೆ ಹಾಕಲೇಬೇಕು.

ಪಯಸ್ವಿನಿ, ಮುಳ್ಳೇರಿಯ:

ಬ್ಯಾಟರಿಯನ್ನು ದಾಟಿಸಿ. ಒಂದು ಬದಿಯಿಂದ ತೆಗೆದು ಇನ್ನೊಂದು ಬದಿಗೆ ಇಡುವಾಗ ಅದರ ಭಾರದ ಸುಮಾರು ಎರಡರಷ್ಟು ವ್ಯತ್ಯಾಸ ಕಡಿಮೆ ಆಗುತ್ತದೆ. ಹಾಗೇ ಟ್ರೇಲರಿನ ಹಿಂದಿನ ತುದಿಗೆ ಮಾತ್ರ ಭಾರ ಹಾಕಬೇಡಿ. ಮೂಗು ಹಗುರ ಆದರೆ ಹೈವೇಯಲ್ಲಿ ಬಾಲ ಆಡಿಸಲು ಸುರು ಮಾಡುತ್ತದೆ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲು ಹಿಚ್ ಮೇಲೆ ಕೂತಿರಬೇಕು ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ. ಆದರೆ ಬೊಲೆರೊದ ಹಿಚ್ಚಿಗೆ ಎಷ್ಟು ಭಾರ ಅಂತ ಬರೆದಿದೆಯೋ ಅದನ್ನು ದಾಟಬಾರದು.

ತೋಟದ ಮನೆ, ನೀರ್ಚಾಲು:

ಬ್ಯಾಟರಿ 28 ಕೆಜಿ, ಅದನ್ನು ಬಲದ ಸೀಟಿನ ಅಡಿಗೆ ಹಾಕಿ ಕಟ್ಟಿದೆ. ಮತ್ತೆ ತೂಗಿದಾಗ ಎಡ 410, ಬಲ 370. ನೀರಿನ ಟ್ಯಾಂಕನ್ನು ಇನ್ನು ಅರ್ಧ ಮಾತ್ರ ತುಂಬಿಸುತ್ತೇನೆ. ದಾರಿಯಲ್ಲಿ ನೀರಿಗೆ ಬರ ಇಲ್ಲ ಅಲ್ವಾ.

ನಿನ್ನೆ ಟ್ರೇಲರ್ ಎಳೆದುಕೊಂಡು ತಲಪಾಡಿವರೆಗೆ ಹೋಗಿ ಬಂದೆ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹತ್ತಿರ ದೂರದಿಂದ ಬಿಸಿ ಅಳೆಯುವ ಗನ್ ಇತ್ತು. ಎಡದ ಹಬ್ 46 ಡಿಗ್ರಿ, ಬಲದ್ದು 44. ಅಂಗೈ ಇಟ್ಟು ಹಿಡಿದುಕೊಳ್ಳಬಹುದು. ಉಪ್ಪಳದಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದೆ. ವಾಸನೆ ಇಲ್ಲ. ಮನಸ್ಸಿಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ಲೇತ್ ಕೆಲಸ, ಉಪ್ಪಳ:

ಒಳ್ಳೆಯದಾಯಿತು. ಹೊಸ ಬೇರಿಂಗ್ ಸ್ವಲ್ಪ ಓಡಿದ ಮೇಲೆ ಇನ್ನೂ ಚೂರು ಕೂರುತ್ತದೆ. ನೂರು ಕಿಲೋಮೀಟರ್ ಆದ ಕೂಡಲೇ ಒಮ್ಮೆ ಜಾಕಿ ಕೊಟ್ಟು, ಟಯರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಚಕ್ರದ ಬೋಲ್ಟನ್ನೂ ಆಗಲೇ ಇನ್ನೊಮ್ಮೆ ಬಿಗಿ ಮಾಡಿ. ಮತ್ತೆ ಒಂದು ಜೊತೆ ಬೇರಿಂಗ್, ಒಂದು ಸೀಲ್, ಎರಡು ಸ್ಪ್ಲಿಟ್ ಪಿನ್ ಒಂದು ಡಬ್ಬದಲ್ಲಿ ಹಾಕಿ ಟ್ರೇಲರಿನಲ್ಲೇ ಇಟ್ಟುಕೊಳ್ಳಿ. ಉಡುಪಿ ದಾಟಿದ ಮೇಲೆ ಭಾನುವಾರ ಅಂಗಡಿ ತೆರೆದಿರುತ್ತದೆ ಅಂತ ಹೇಳಲಾಗುವುದಿಲ್ಲ.