ಜಿಪಿಎಲ್ ಲೈಬ್ರರಿಗೆ ಕಂಪನಿಯೊಂದು ಬೇರೆ ಲೈಸೆನ್ಸ್ ಕೇಳುತ್ತಿದೆ, ದುಡ್ಡು ತಗೊಂಡು ಕೊಡಬಹುದಾ?

ಶರಾವತಿ_ಕೋಡ್

ಎಲ್ಲರಿಗೂ ನಮಸ್ಕಾರ. 2019ರಿಂದ ಒಂದು ಸಣ್ಣ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಒಳಗೆ ಸೇರಿಸಿಕೊಳ್ಳುವ ಕೋಡ್) ಬರೆದುಕೊಂಡು ಬಂದಿದ್ದೇನೆ. ಅಂಗಡಿಗಳಲ್ಲಿ ಬಿಲ್ ಹೊಡೆಯುವ ಥರ್ಮಲ್ ಪ್ರಿಂಟರ್ ಇರುತ್ತದಲ್ಲ, ಅದರಲ್ಲಿ ಕನ್ನಡ ಸರಿಯಾಗಿ ಬರಲಿ ಎಂದು. ಸಾಗರದಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿ ಇದೆ. ಅಲ್ಲಿನ ಮಷೀನ್ ‘ಅಕ್ಕಿ’ಯನ್ನು ‘ಅಕ್‌ಕಿ’ ಎಂದು ಹೊಡೆಯುತ್ತಿತ್ತು, ‘ಬೆಲ್ಲ’ ಹೋಗಿ ‘ಬೆಲ್‌ಲ’ ಆಗಿತ್ತು. ಮಾವ ಬೇಸತ್ತು ಎಲ್ಲವನ್ನೂ ಇಂಗ್ಲಿಷಿಗೆ ಬದಲಿಸಿದ್ದರು. ಅದು ನೋಡಿ ಕೂತು ಬರೆದೆ. ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಲೈಬ್ರರಿ ಬಳಸಿ ಒತ್ತಕ್ಷರ ಕೂಡಿಸಿ, ಇಡೀ ಸಾಲನ್ನು ಚಿತ್ರ ಮಾಡಿ ಪ್ರಿಂಟರ್‌ಗೆ ಕಳಿಸುತ್ತದೆ, ಅಷ್ಟೇ. ಲೈಸೆನ್ಸ್ ಜಿಪಿಎಲ್ 3, ಅಂದರೆ ಯಾರು ಬೇಕಾದರೂ ಬಳಸಬಹುದು, ಆದರೆ ಇದನ್ನು ಸೇರಿಸಿದ ಪ್ರೋಗ್ರಾಮನ್ನು ಬೇರೆಯವರಿಗೆ ಕೊಟ್ಟರೆ ಅದರ ಕೋಡನ್ನೂ ಕೊಡಬೇಕು.

ಹೋದ ವಾರ ಬಿಲ್ಲಿಂಗ್ ಮಷೀನ್ ಮಾಡುವ ಒಂದು ಕಂಪನಿಯಿಂದ ಮೇಲ್ ಬಂತು. ಇದನ್ನು ಅವರ ಮಷೀನ್ ಒಳಗೇ ಹಾಕಬೇಕಂತೆ, ಆದರೆ ಅವರ ಕೋಡ್ ಹೊರಗೆ ಕೊಡಲು ಆಗುವುದಿಲ್ಲವಂತೆ. ಬೇರೆ ಲೈಸೆನ್ಸ್ ಕೊಟ್ಟರೆ ದುಡ್ಡು ಕೊಡುತ್ತೇವೆ, ಎಷ್ಟು ಹೇಳಿ ಎಂದಿದ್ದಾರೆ. ಹೀಗೆ ಒಂದೇ ಕೋಡನ್ನು ಎರಡು ಲೈಸೆನ್ಸ್‌ನಲ್ಲಿ ಕೊಡಬಹುದಾ? ಮುಕ್ತವಾಗಿ ಕೊಟ್ಟದ್ದನ್ನು ಮಾರಿದ ಹಾಗೆ ಆಗುವುದಿಲ್ವಾ? ಇನ್ನೊಂದು ವಿಷಯ, ಕೋಡ್ ಪೂರ್ತಿ ನನ್ನದಲ್ಲ. ಧಾರವಾಡದ ಒಬ್ಬರು ತಮಿಳು ಮತ್ತು ತೆಲುಗಿನ ಭಾಗ ಬರೆದುಕೊಟ್ಟಿದ್ದಾರೆ. ಪೋಲೆಂಡ್‌ನ ಒಬ್ಬರು 40 ಸಾಲಿನ ಒಂದು ತಿದ್ದುಪಡಿ ಕಳಿಸಿದ್ದರು.

ಹಳೇ_ಸಿ_ಕೋಡು

ಮೇಡಂ, ಧಾರಾಳವಾಗಿ ಕೊಡಬಹುದು. ಜಿಪಿಎಲ್‌ನ ಷರತ್ತು ನಿಮ್ಮಿಂದ ಕೋಡ್ ಪಡೆದವರಿಗೆ, ಬರೆದ ನಿಮಗಲ್ಲ. ಕಾಪಿರೈಟ್ ನಿಮ್ಮದಾದರೆ ಅದೇ ಕೋಡನ್ನು ಇನ್ನೊಬ್ಬರಿಗೆ ಬೇರೆ ಷರತ್ತಿನ ಮೇಲೆ ಕೊಡುವುದು ನಿಮ್ಮ ಹಕ್ಕು. ನೀವು ಮಾರುವುದು ಕೋಡನ್ನಲ್ಲ, ಕೋಡ್ ಹೇಗೂ ಎಲ್ಲರಿಗೂ ಸಿಗುತ್ತದೆ. ‘ನಿಮ್ಮ ಸೋರ್ಸ್ ಕೋಡ್ ತೋರಿಸಬೇಕಿಲ್ಲ’ ಎಂಬ ವಿನಾಯಿತಿಯನ್ನು ಮಾರುತ್ತಿದ್ದೀರಿ.

ಇದು ಹೊಸದೇನಲ್ಲ. ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಡಿಎಫ್ ಓದುವ ಘೋಸ್ಟ್‌ಸ್ಕ್ರಿಪ್ಟ್ 1988ರಲ್ಲಿ ಹೊರಬಂತು. ಅದರ ಕಾಪಿರೈಟ್ ಈಗ ಆರ್ಟಿಫೆಕ್ಸ್ ಎಂಬ ಕಂಪನಿಯ ಹತ್ತಿರ ಇದೆ. ಅವರು ಇವತ್ತಿಗೂ ಮುಕ್ತ ಲೈಸೆನ್ಸ್ ಒಂದು ಕೈಯಲ್ಲಿ, ಕಮರ್ಷಿಯಲ್ ಲೈಸೆನ್ಸ್ ಇನ್ನೊಂದು ಕೈಯಲ್ಲಿ ಹಿಡಿದೇ ನಡೆಯುತ್ತಿದ್ದಾರೆ. ದಕ್ಷಿಣ ಕೊರಿಯಾದ ಹ್ಯಾನ್‌ಕಾಮ್ ತನ್ನ ವರ್ಡ್ ಪ್ರೊಸೆಸರ್ ಒಳಗೆ ಘೋಸ್ಟ್‌ಸ್ಕ್ರಿಪ್ಟ್ ಸೇರಿಸಿತ್ತು, ಸೋರ್ಸೂ ಕೊಟ್ಟಿಲ್ಲ, ಲೈಸೆನ್ಸೂ ಕೊಂಡಿಲ್ಲ ಎಂದು ಆರ್ಟಿಫೆಕ್ಸ್ 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೇಸ್ ಹಾಕಿತು. ಕೇಸ್ ವಜಾ ಮಾಡಿ ಎಂದು ಹ್ಯಾನ್‌ಕಾಮ್ ಕೇಳಿದಾಗ 2017ರಲ್ಲಿ ಕೋರ್ಟ್ ಒಪ್ಪಲಿಲ್ಲ. ಬಿಟ್ಟಿ ಸಿಗುವ ಕೋಡ್‌ಗೆ ನಷ್ಟ ಎಲ್ಲಿಂದ ಬಂತು ಎಂಬ ವಾದಕ್ಕೆ ಆ ಎರಡನೇ ಲೈಸೆನ್ಸೇ ಉತ್ತರವಾಯಿತು, ಅದಕ್ಕೊಂದು ಬೆಲೆ ಇತ್ತಲ್ಲ. ಕೊನೆಗೆ ಇಬ್ಬರೂ ರಾಜಿಯಾದರು.

ನಿಮ್ಮದು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಜಿಪಿಎಲ್ ಹಿಡಿದುಕೊಳ್ಳುವುದು ಪ್ರೋಗ್ರಾಮನ್ನು ಬೇರೆಯವರ ಕೈಗೆ ಕೊಟ್ಟಾಗ. ಮಷೀನ್ ಒಳಗೆ ಹಾಕಿ ಅಂಗಡಿಗೆ ಮಾರಿದರೆ ಅದು ಕೊಟ್ಟ ಹಾಗೆಯೇ. ಅದೇ ಕೋಡನ್ನು ಅವರು ತಮ್ಮ ಸರ್ವರ್‌ನಲ್ಲಿ ಇಟ್ಟು ಬರೀ ಸೇವೆ ಕೊಡುತ್ತಿದ್ದರೆ ಜಿಪಿಎಲ್ ಏನೂ ಕೇಳುತ್ತಿರಲಿಲ್ಲ, ಆಗ ಸರ್ವರ್ ಸೇವೆಗೂ ಅನ್ವಯಿಸುವ ಎಜಿಪಿಎಲ್ ಬೇಕಾಗುತ್ತಿತ್ತು. ನಿಮಗೆ ಆ ತಲೆನೋವಿಲ್ಲ.

ಆದರೆ ಬೆಲೆಗೆ ಕೈಹಾಕುವ ಮೊದಲು ಧಾರವಾಡದವರ ಜೊತೆ ಮಾತಾಡಿ. ಅವರು ಬರೆದ ಭಾಗ ಅವರದ್ದು. ಅದು ನಿಮಗೆ ಸಿಕ್ಕಿರುವುದೂ ಜಿಪಿಎಲ್‌ನಲ್ಲೇ, ಅಂದರೆ ಆ ಭಾಗವನ್ನು ಬೇರೆ ಲೈಸೆನ್ಸ್‌ನಲ್ಲಿ ಕೊಡುವ ಅಧಿಕಾರ ಈಗ ನಿಮಗಿಲ್ಲ. ಹಾರ್ಫ್‌ಬಜ್ ಎಂಐಟಿ ಥರದ ಲೈಸೆನ್ಸ್, ತೊಂದರೆ ಇಲ್ಲ, ಅವರ ಕಾಪಿರೈಟ್ ಸಾಲುಗಳನ್ನು ಜೊತೆಗಿಟ್ಟರೆ ಸಾಕು. ಬೇರೆ ಯಾರದ್ದಾದರೂ ಜಿಪಿಎಲ್ ಕೋಡ್ ಒಳಗೆ ಸೇರಿದೆಯಾ ಅಂತ ಒಂದು ಸಲ ಪೂರ್ತಿ ನೋಡಿ. ಒಂದೇ ಒಂದು ಫೈಲ್ ಇದ್ದರೂ ಈ ವ್ಯವಹಾರ ನಡೆಯುವುದಿಲ್ಲ.

ವಕೀಲರ_ಮನೆ_ಹುಡುಗ

ಮೇಲಿನವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಒಂದೆರಡು ಮಾತು.

ಧಾರವಾಡದವರಿಂದ ‘ಆಯ್ತು, ಬಳಸಿಕೊಳ್ಳಿ’ ಎಂಬ ವಾಟ್ಸಾಪ್ ಮೆಸೇಜ್ ತಗೊಂಡು ಸುಮ್ನೆ ಕೂರಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅದಕ್ಕಿಂತ ಮುಖ್ಯ, ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಎಂದು ಲೆಕ್ಕ. ಯಾವ ಜಾಗಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಬೇರೆ ಥರ ಬರೆದುಕೊಳ್ಳದ ಹೊರತು, ಅದೂ ಬಿದ್ದುಹೋಗುತ್ತದೆ. ವರ್ಗಾವಣೆ ಬೇಡ, ಬರೀ ಲೈಸೆನ್ಸ್ ಸಾಕು ಎಂದರೂ 30ಎ ಸೆಕ್ಷನ್ ಈ ನಿಯಮಗಳನ್ನು ಹೊಂದುವಷ್ಟು ಮಟ್ಟಿಗೆ ಲೈಸೆನ್ಸ್‌ಗೂ ತರುತ್ತದೆ. ಅಮೆರಿಕದ ಪ್ರಾಜೆಕ್ಟ್‌ಗಳ ಒಪ್ಪಂದವನ್ನು ಹಾಗೇ ನಕಲು ಮಾಡಿಕೊಂಡರೆ ಈ ಸಾಲುಗಳು ಅದರಲ್ಲಿ ಇರದೇ ಹೋಗಬಹುದು. ಹಾಗಾಗಿ ಬಿಡಿಸಿ ಬರೆಸಿ: ಕಾಪಿರೈಟ್ ಅವಧಿ ಪೂರ್ತಿ, ಜಗತ್ತಿನಾದ್ಯಂತ, ಬಳಸಲಿ ಬಿಡಲಿ.

ನಿಮ್ಮನ್ನೇ ಒಂದು ಪ್ರಶ್ನೆ ಕೇಳಬೇಕು. 2019ರಲ್ಲಿ ಎಲ್ಲಾದರೂ ಕೆಲಸದಲ್ಲಿದ್ರಾ? 17ನೇ ಸೆಕ್ಷನ್ ಪ್ರಕಾರ ನೌಕರಿಯ ಭಾಗವಾಗಿ ಬರೆದದ್ದು ಮಾಲೀಕರಿಗೆ ಸೇರುತ್ತದೆ. ರಾತ್ರಿ ಮನೆಯಲ್ಲಿ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ, ಕಂಪನಿ ಕೆಲಸಕ್ಕೆ ಸಂಬಂಧವೇ ಇಲ್ಲದ್ದನ್ನು ಬರೆದಿದ್ದರೆ ಬೇರೆ ಮಾತು. ಆದರೂ ಆಫರ್ ಲೆಟರ್ ಜೊತೆ ಸಹಿ ಹಾಕಿಸಿಕೊಂಡ ಕಾಗದಗಳನ್ನು ತೆಗೆದು ಓದಿ. ಕೆಲವರು ‘ಕೆಲಸದಲ್ಲಿರುವಾಗ ಬರೆದದ್ದೆಲ್ಲ ನಮ್ಮದು’ ಎಂದೇ ಬರೆಸಿಕೊಂಡಿರುತ್ತಾರೆ.

ಬೆಣ್ಣೆದೋಸೆ_ಬೈಟ್ಸ್

ನಾನು ಇದೇ ಥರ ಒಂದು ಲೈಸೆನ್ಸ್ ಮಾರಿದವನು, ಅಕ್ಕ. ನನ್ನ ತಪ್ಪು ನಿಮಗೆ ಆಗಬಾರದು. ಬಂದದ್ದು ಬರಲಿ ಎಂದು ಒಂದೇ ಇಡುಗಂಟು ತಗೊಂಡು, ಎಷ್ಟು ಮಷೀನ್‌ಗೆ ಬೇಕಾದರೂ, ಎಷ್ಟು ವರ್ಷ ಬೇಕಾದರೂ ಎಂದು ಬರೆದುಕೊಟ್ಟೆ. ಆಮೇಲೆ ಮೂರು ವರ್ಷ ಅವರ ಸರ್ವಿಸ್ ಹುಡುಗರು ಭಾನುವಾರವೂ ನನಗೇ ಫೋನ್ ಮಾಡುತ್ತಿದ್ದರು. ಸಪೋರ್ಟ್ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಇರಲಿಲ್ಲ. ಬೇಡ ಎನ್ನಲೂ ಆಗಲಿಲ್ಲ, ದುಡ್ಡು ಕೇಳಲೂ ಆಗಲಿಲ್ಲ.

ಈಗಾದರೆ ವರ್ಷಕ್ಕೆ ಇಷ್ಟು ಎನ್ನುತ್ತೇನೆ, ಅದರಲ್ಲಿ ಇಂತಿಷ್ಟು ಮಷೀನ್‌ವರೆಗೆ ಸೇರಿದೆ, ಮೇಲೆ ಹೋದರೆ ತಲಾ ಇಷ್ಟು. ಸ್ಕ್ರೀನ್ ಮೇಲಿನ ಬಟನ್, ಕಿಟಕಿ ಮಾಡಲು ಬಳಸುವ ಕ್ಯೂಟಿ ಲೈಬ್ರರಿಯವರನ್ನು ನೋಡಿ, ಅವರೂ ಮಷೀನ್ ಒಳಗೆ ಹೋಗುವ ಸಾಫ್ಟ್‌ವೇರ್‌ಗೆ ಡೆವಲಪರ್ ಲೆಕ್ಕ ಬೇರೆ, ಹೊರಗೆ ಹೋಗುವ ಮಷೀನ್ ಲೆಕ್ಕ ಬೇರೆ ಇಟ್ಟಿದ್ದಾರೆ. ಸಪೋರ್ಟ್‌ಗೆ ಪ್ರತ್ಯೇಕ ದರ ಹಾಕಿ. ಇನ್ನೊಂದು, ಅವರು ಕಳಿಸುವ ಒಪ್ಪಂದದಲ್ಲಿ ‘ಯಾವುದೇ ನಷ್ಟವಾದರೂ ಲೈಸೆನ್ಸ್ ಕೊಟ್ಟವರೇ ತುಂಬಿಕೊಡಬೇಕು’ ಎಂಬ ಸಾಲು ಖಂಡಿತ ಇರುತ್ತದೆ. ಕೊಟ್ಟ ಹಣಕ್ಕಿಂತ ಜಾಸ್ತಿ ಹೊಣೆ ನಿಮ್ಮ ಮೇಲೆ ಬರದ ಹಾಗೆ ಮಿತಿ ಹಾಕಿಸಿ. ಜಿಎಸ್‌ಟಿ, ಟಿಡಿಎಸ್ ವಿಷಯವನ್ನು ಬಿಲ್ ಕಳಿಸುವ ಮೊದಲೇ ಆಡಿಟರ್ ಹತ್ತಿರ ಕೇಳಿಬಿಡಿ.

ನೀಲಿ_ಪ್ಯಾಚ್

ನಾನು ಧಾರವಾಡದವರ ಜಾಗದಲ್ಲಿ ಇರುವವನು, ಅಂದರೆ ಬೇರೆಯವರ ಪ್ರಾಜೆಕ್ಟ್‌ಗೆ ಕೋಡ್ ಕಳಿಸುವವನು. ಆ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಇಂಥ ಕಾಗದಕ್ಕೆ ಸಹಿ ಹಾಕಿ ಎಂದಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ. ನಾನು ಕೊಟ್ಟದ್ದು ಎಲ್ಲರಿಗೂ, ದುಡ್ಡು ಬರುವುದು ಒಬ್ಬರಿಗೆ. ಮುಂದೆ ನೀವು ಈ ಲೈಬ್ರರಿಯನ್ನೇ ಮಾರಿಬಿಟ್ಟರೆ?

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ ಕಥೆ ಅದೇ ಅಲ್ವಾ. 2000ದಲ್ಲಿ ಜಿಪಿಎಲ್‌ಗೆ ಬಂತು, ಪಕ್ಕದಲ್ಲೇ ಕಮರ್ಷಿಯಲ್ ಲೈಸೆನ್ಸ್ ಮಾರಿ ಚೆನ್ನಾಗಿ ಬೆಳೆಯಿತು. 2008ರಲ್ಲಿ ಸನ್ ಕಂಪನಿ ಸುಮಾರು 100 ಕೋಟಿ ಡಾಲರ್‌ಗೆ ಕೊಂಡಿತು. 2010ರಲ್ಲಿ ಸನ್ ಅನ್ನೇ ಒರಾಕಲ್ ಕೊಂಡಿತು. ಮೊದಲಿನಿಂದ ಬರೆದ ಮಾಂಟಿ ವಿಡೇನಿಯಸ್ ಅದರಿಂದ ಕವಲೊಡೆದು ಮರಿಯಾಡಿಬಿ ಶುರು ಮಾಡಿದರು. ಜಿಪಿಎಲ್ ಇದ್ದದ್ದಕ್ಕೆ ಅಷ್ಟಾದರೂ ಆಯಿತು. ಆದರೆ ಆ ಹಳೇ ಕೋಡ್‌ಗೆ ಕಮರ್ಷಿಯಲ್ ಲೈಸೆನ್ಸ್ ಕೊಡುವ ಹಕ್ಕು ಕಾಪಿರೈಟ್ ಜೊತೆ ಒರಾಕಲ್‌ಗೆ ಹೋಯಿತು. ಬರೆದವರಿಗೇ ಇಲ್ಲ.

ಇದಕ್ಕೆ ಒಂದು ಒಳ್ಳೆಯ ದಾರಿಯನ್ನು ತಮ್ಮ ಡೆಸ್ಕ್‌ಟಾಪನ್ನು ಕ್ಯೂಟಿ ಬಳಸಿ ಬರೆಯುವ ಕೆಡಿಇ ಬಳಗದವರು 1998ರಲ್ಲೇ ತೋರಿಸಿದ್ದಾರೆ. ಆಗ ಕ್ಯೂಟಿ ನಾರ್ವೆಯ ಟ್ರೋಲ್‌ಟೆಕ್ ಕೈಯಲ್ಲಿತ್ತು. ಇಬ್ಬರೂ ಸೇರಿ ಒಂದು ಪ್ರತಿಷ್ಠಾನ ಮಾಡಿ ಒಪ್ಪಂದ ಬರೆದರು. ಕಂಪನಿ 12 ತಿಂಗಳು ಕ್ಯೂಟಿಯ ಮುಕ್ತ ಆವೃತ್ತಿಯನ್ನು ಹೊರತರದೆ ಹೋದರೆ, ಆ ಪ್ರತಿಷ್ಠಾನ ಕ್ಯೂಟಿಯನ್ನು ಸೋರ್ಸ್ ಕೊಡಬೇಕೆಂಬ ಷರತ್ತೇ ಇಲ್ಲದ ಬಿಎಸ್‌ಡಿ ಲೈಸೆನ್ಸ್‌ನಲ್ಲಿ ಬಿಡಬಹುದು. ಕಂಪನಿ ನೋಕಿಯಾಗೆ ಹೋಗಿ, ಡಿಜಿಯಾಗೆ ಹೋಗಿ, ಮಾಲೀಕರು ಎಷ್ಟು ಬದಲಾದರೂ ಆ ಒಪ್ಪಂದದ ಎಳೆ ಮುಂದುವರಿದಿದೆ. ನೀವು ಪ್ರತಿಷ್ಠಾನ ಮಾಡಬೇಕಿಲ್ಲ, ‘ಮುಕ್ತ ಆವೃತ್ತಿ ನಿಲ್ಲುವುದಿಲ್ಲ, ಮಾರಿದ ಆವೃತ್ತಿಯಲ್ಲಿ ಇರುವುದೆಲ್ಲ ಇದರಲ್ಲೂ ಇರುತ್ತದೆ’ ಎಂದು ಅದೇ ಕಾಗದದಲ್ಲಿ ಬರೆದುಕೊಡಿ. ಬಂದ ದುಡ್ಡಿನಲ್ಲಿ ಅವರಿಗೂ ಪಾಲು ಇಡಿ. ನಾನಾಗಿದ್ದರೆ ಆಗ ಸಹಿ ಹಾಕುತ್ತಿದ್ದೆ.

ಶರಾವತಿ_ಕೋಡ್

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ಧಾರವಾಡದವರಿಗೆ ಫೋನ್ ಮಾಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ದನಿ ಕೇಳಿದ್ದು. ನೀಲಿ_ಪ್ಯಾಚ್ ಅವರು ಹೇಳಿದ ಎರಡು ಮಾತನ್ನೂ ಮೊದಲೇ ಹೇಳಿಬಿಟ್ಟೆ. ಕಾಗದ ಕಳಿಸಿ, ಓದಿ ಹೇಳುತ್ತೇನೆ ಎಂದರು. ತಮಿಳು, ತೆಲುಗಿನ ಭಾಗಕ್ಕೆ ಎಷ್ಟು ಪಾಲು ಎಂದು ಭಾನುವಾರ ಕೂತು ಲೆಕ್ಕ ಹಾಕುತ್ತೇವೆ.

ಹಳೇ ಆಫರ್ ಲೆಟರ್ ಹುಡುಕಿ ಓದಿದೆ. 2021ರವರೆಗೆ ಕೆಲಸದಲ್ಲಿದ್ದೆ, ಬರೆದದ್ದು ಮನೆಯಲ್ಲಿ, ನನ್ನ ಲ್ಯಾಪ್‌ಟಾಪ್‌ನಲ್ಲೇ. ಆದರೆ ಒಂದು ಸಾಲು ಅನುಮಾನ ಹುಟ್ಟಿಸುವ ಹಾಗಿದೆ, ವಕೀಲರಿಗೆ ತೋರಿಸುತ್ತೇನೆ. ಅಲ್ಲಿಯವರೆಗೆ ಕಂಪನಿಗೆ ಬೆಲೆ ಹೇಳುವುದಿಲ್ಲ.

ಪೋಲೆಂಡ್‌ನವರಿಗೆ ಮೇಲ್ ಹಾಕಿದ್ದೇನೆ, ಆ ವಿಳಾಸ ಈಗ ನಡೆಯುತ್ತಿಲ್ಲ, ವಾಪಸ್ ಬಂತು. ಅವರ 40 ಸಾಲು ತೆಗೆದುಬಿಟ್ಟೆ. ತೆಗೆದ ಕೂಡಲೇ ‘ಶಾಸ್ತ್ರ’ದಂಥ ಎರಡು ಒತ್ತಿನ ಪದಗಳ ಕೆಳಗಿನ ತುದಿ ಕತ್ತರಿಸಿಹೋಗಿ ಬರುತ್ತಿದೆ. ಅವರ ಕೋಡ್ ನೋಡದೆ ಹೊಸದಾಗಿ ಬರೆಯಬೇಕು. ನಾನು ಅದನ್ನು ಓದಿರುವುದರಿಂದ ಬೇರೆ ಯಾರಾದರೂ ಬರೆದರೆ ಒಳ್ಳೆಯದು. ಯಾರಿಗಾದರೂ ಬಿಡುವಿದ್ದರೆ ಹೇಳಿ, ಈ ಸಲ ಕಾಗದ ಮೊದಲೇ ಕಳಿಸುತ್ತೇನೆ, ಸಂಭಾವನೆಯನ್ನೂ ಅದರಲ್ಲೇ ಬರೆದಿರುತ್ತೇನೆ.