ಅಪ್‌ಡೇಟ್: ಅಮ್ಮನ ಆಂಕಾ ಏರಿದ್ದಕ್ಕೆ ಪೆಟ್ ಸ್ಕ್ಯಾನ್ ಬೇಕಾ ಅಂತ ಕೇಳಿದ್ದೆ

ಅಮ್ಮನಿಗೆ ಆಂಕಾ ವ್ಯಾಸ್ಕುಲೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ರಕ್ತನಾಳಗಳಲ್ಲಿ ಉರಿಯೂತ ತರುವ ಕಾಯಿಲೆ) ಇದೆ, ಪಿಆರ್‌3 ಆಂಟಿಬಾಡಿ (ರಕ್ತದಲ್ಲಿ ನೋಡುವ ಆಂಕಾದ ಒಂದು ಬಗೆ) ಮತ್ತೆ ಏರಿದೆ, ಪೆಟ್-ಸಿಟಿ (ಉರಿಯೂತ ಎಲ್ಲಿದೆ ಅಂತ ತೋರಿಸುವ ಸ್ಕ್ಯಾನ್) ಮಾಡಿಸಬೇಕಾ ಅಂತ ಕೇಳಿದ್ದೆನಲ್ಲ, ರುಮಟಾಲಜಿಸ್ಟ್ (ಇಂಥ ಕಾಯಿಲೆಗಳ ತಜ್ಞ ಡಾಕ್ಟರ್) ಹತ್ತಿರ ಹೋಗಿ ಬಂದೆವು. ಪೆಟ್ ಬೇಡ ಅಂದರು. ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ಕಿಡ್ನಿ, ಶ್ವಾಸಕೋಶದ ತೀರಾ ಸಣ್ಣ ರಕ್ತನಾಳಗಳನ್ನು, ಅಷ್ಟು ಸಣ್ಣದು ಪೆಟ್‌ನಲ್ಲಿ ಕಾಣುವುದಿಲ್ಲ, ಅದು ಜಾಸ್ತಿ ಉಪಯೋಗ ಆಗೋದು ಟಕಾಯಸು ಥರದ, ಹೃದಯದಿಂದ ಹೊರಡುವ ದೊಡ್ಡ ನಾಳಗಳ ಕಾಯಿಲೆಗೆ. ಅಲ್ಲೂ ಸ್ಟೆರಾಯ್ಡ್ ಶುರುವಾದ ಮೇಲೆ ಚಿತ್ರ ಮಂಕಾಗುತ್ತದಂತೆ.

ಬದಲಿಗೆ ಮೂತ್ರ ಪರೀಕ್ಷೆ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ), ಸಿಆರ್‌ಪಿ (ಉರಿಯೂತ ಇದೆಯಾ ಅಂತ ನೋಡುವ ರಕ್ತ ಪರೀಕ್ಷೆ), ಎದೆಯ ಸಿಟಿ ಸ್ಕ್ಯಾನ್ ಸಾಕು ಅಂದರು. ನನಗೆ ಆಶ್ಚರ್ಯ ಆಗಿದ್ದು ಮೂತ್ರ ಪರೀಕ್ಷೆ ವಿಷಯ. ಕ್ರಿಯಾಟಿನಿನ್ ಏರುವ ಮೊದಲೇ ಮೂತ್ರದಲ್ಲಿ ರಕ್ತ, ಪ್ರೋಟೀನ್ ಕಾಣಿಸಿಕೊಳ್ಳಬಹುದು, ಅದಕ್ಕೇ ಅದನ್ನು ತಪ್ಪಿಸಲೇಬೇಡಿ ಅಂದರು. ಇಷ್ಟು ಅಗ್ಗದ ಪರೀಕ್ಷೆ!

ಅಮ್ಮನ ಮೂತ್ರ ಕ್ಲೀನ್ ಇದೆ. ಸಿಟಿಯಲ್ಲಿ ಶ್ವಾಸಕೋಶದ ಹಳೆಯ ಗಂಟುಗಳು ಚಿಕ್ಕದಾಗಿವೆ, ಹೊಸದಿಲ್ಲ. ಬರೀ ಆಂಟಿಬಾಡಿ ಏರಿದೆ ಅಂತ ಔಷಧಿ ಜಾಸ್ತಿ ಮಾಡಲ್ಲ, ಸ್ವಲ್ಪ ಬೇಗ ಬೇಗ ಚೆಕ್ ಮಾಡೋಣ ಅಂದರು. ಕಾಯಿಲೆ ಮರುಕಳಿಸದಂತೆ ಕೊಡುವ ರಿಟುಕ್ಸಿಮ್ಯಾಬ್ ಔಷಧಿ 6 ತಿಂಗಳಿಗೊಮ್ಮೆ ಇದ್ದ ಹಾಗೇ ಮುಂದುವರಿಯುತ್ತೆ. ಕೆಮ್ಮಿದಾಗ ರಕ್ತ, ಮೂತ್ರದ ಬಣ್ಣ ಕಪ್ಪಾಗೋದು, ಪಾದ ದಿಢೀರನೆ ಸೋತು ಜೋಲುವುದು, ಇವು ಕಂಡರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ತಕ್ಷಣ ಬರಬೇಕಂತೆ.