ಗಿಡ್ಡ ಲಿವರ್ ರೈಫಲ್‌ಗೆ ಯಾವ ಕ್ಯಾಲಿಬರ್ (ತೋಟೆಯ ಅಳತೆ)? .357 ಸಾಕಾಗಿ ಹೋಗಿದೆ

ಹೊಸ ಬೇಟೆಗಾರ:
ತಲೆ ಕೆಟ್ಟು ಹೋಗಿದೆ. 16 ಇಂಚು ನಳಿಗೆಯ .357 ಲಿವರ್ ರೈಫಲ್ (ಕೆಳಗಿನ ಹಿಡಿ ಎಳೆದು ತೋಟೆ ಏರಿಸುವಂಥದ್ದು) ತಗೊಂಡು ಎರಡು ತಿಂಗಳಾಯಿತು. ಹಳೇ 1892 ಮಾದರಿಯ ನಕಲು, ಕಂಪನಿ ಹೆಸರು ಬೇಡ. ಐದು ತೋಟೆಗೆ ಒಂದು ಸಿಕ್ಕಿಕೊಳ್ಳುತ್ತದೆ. ಲಿವರ್ ಅರ್ಧಕ್ಕೇ ನಿಲ್ಲುತ್ತದೆ. ಬಗ್ಗಿ ನೋಡಿದರೆ ತೋಟೆ ಓರೆಯಾಗಿ ಚೇಂಬರ್ (ತೋಟೆ ಕೂರುವ ಗೂಡು) ಬಾಯಿಗೆ ಕಚ್ಚಿಕೊಂಡಿರುತ್ತದೆ, ಅಂಚಿನಲ್ಲಿ ಸೀಸ ಉಗುರಿನಷ್ಟು ಹೆರೆದುಹೋಗಿರುತ್ತದೆ. ಜಿಂಕೆ ಸೀಸನ್ ಹತ್ತಿರ ಬಂತು. ಇದನ್ನು ಮಾರಿ .30-30 ತಗೊಳ್ಳಲಾ, .44 ಮ್ಯಾಗ್ನಮ್ಮಾ, .45-70ಯಾ?

ಟೆಕ್ಸಾಸ್ ಗೌಡ:
.30-30. ಕಣ್ಣು ಮುಚ್ಚಿಕೊಂಡು ತಗೊಳ್ಳಿ. 1895ರಿಂದ ಅಮೆರಿಕದವರು ಜಿಂಕೆ ಹೊಡೆಯುತ್ತಿರುವುದೇ ಅದರಲ್ಲಿ. .357 ಅಂದ್ರೆ ರಿವಾಲ್ವರ್ ತೋಟೆ ಅಷ್ಟೇ.

ಮದ್ದುಗುಂಡು:
ಗೌಡ್ರೇ, ಗಿಡ್ಡ ನಳಿಗೆ ಅಂತ ಕೇಳಿದ್ದಾರೆ. .30-30 ಡಬ್ಬಿ ಮೇಲಿನ ವೇಗ 24 ಇಂಚು ನಳಿಗೆಯದು. 16ರಲ್ಲಿ ವೇಗ ಇಳಿಯುತ್ತದೆ, ಬೆಂಕಿ, ಸದ್ದು ಎರಡೂ ಜಾಸ್ತಿ. .357 ಉಲ್ಟಾ. 158 ಗ್ರೇನ್ (ಸುಮಾರು 10 ಗ್ರಾಂ) ಗುಂಡು 4 ಇಂಚು ರಿವಾಲ್ವರಿನಲ್ಲಿ ಸೆಕೆಂಡಿಗೆ ಸುಮಾರು 1,250 ಅಡಿ ಓಡಿದರೆ, ಇಂಥ ರೈಫಲಿನಲ್ಲಿ 1,700ರ ಆಸುಪಾಸು. ತೊಂದರೆ ಇರುವುದು ಮ್ಯಾಗಜೀನ್ (ತೋಟೆ ತುಂಬುವ ಕೊಳವೆ) ಸ್ಪ್ರಿಂಗ್‌ನಲ್ಲಿ. ಬದಲಾಯಿಸಿ.

ಹೊಸ ಬೇಟೆಗಾರ:
ಬದಲಾಯಿಸಿದೆ. ಅದೇ ಕಥೆ.

ಮದ್ದುಗುಂಡು:
ಹೊಸ ಸ್ಪ್ರಿಂಗ್ ಬಿಗಿ ಇರುತ್ತದೆ. ಎರಡು ಸುತ್ತು ಕತ್ತರಿಸಿ. ಅಂದ ಹಾಗೆ ವೀಸಾ ಯಾವುದು? ಎಚ್-1ಬಿ ಆದ್ರೆ ಹಂಟಿಂಗ್ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ.

ಹೊಸ ಬೇಟೆಗಾರ:
ಗ್ರೀನ್ ಕಾರ್ಡ್ ಸ್ವಾಮಿ. ಲೈಸೆನ್ಸೂ ಇದೆ. ತೋಟೆ ಸಿಕ್ಕಿಕೊಳ್ಳುವ ಬಗ್ಗೆ ಹೇಳಿ.

ಕಾಫಿ ಗಿಡ:
ನಾನು ಕೊಡಗಿನವನು. ನಮ್ಮ ಮನೆಯಲ್ಲಿ ತಾತನ ಕಾಲದ ಜೋಡುನಳಿಗೆ ಕೋವಿ ಇದೆ. ನಳಿಗೆ ಮಡಚಿ ತೆರೆ, ಎರಡು ತೋಟೆ ಹಾಕು, ಮುಚ್ಚು. ಸಿಕ್ಕಿಕೊಳ್ಳುವ ಮಾತೇ ಇಲ್ಲ. ಕೈಲ್ ಮುಹೂರ್ತಕ್ಕೆ (ನಮ್ಮ ಆಯುಧ ಪೂಜೆ ಹಬ್ಬ) ಹೂವಿಟ್ಟು ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡುತ್ತೇವೆ. ನಮ್ಮವರಿಗೆ ಕೋವಿ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ.

ಟೆಕ್ಸಾಸ್ ಗೌಡ:
ಪೂಜೆ ಮಾಡಿದ್ರೆ ಇವರ ಲಿವರ್ ಸರಿ ಹೋಗುತ್ತಾ?

ಕಾಫಿ ಗಿಡ:
ಸ್ಪ್ರಿಂಗ್ ಕತ್ತರಿಸುವುದಕ್ಕಿಂತ ವಾಸಿ.

ಸುಮ್ನೆ ಓದುಗ:
ಇಷ್ಟು ಹೊತ್ತಾದರೂ ಯಾರೂ ಕೇಳಲಿಲ್ಲವಲ್ಲ. ಬೇಟೆ ಯಾವ ರಾಜ್ಯದಲ್ಲಿ? ಹಾಕುತ್ತಿರುವ ತೋಟೆ ಯಾವುದು?

ಹೊಸ ಬೇಟೆಗಾರ:
ಓಹಾಯೊ. ಹೇಳಿದ್ದೆ ಅಲ್ವಾ? ತೋಟೆ ಮಾಮೂಲಿ .38 ಸ್ಪೆಷಲ್ ವಾಡ್‌ಕಟರ್, .357ರಲ್ಲೂ ಹಾಕಬಹುದಲ್ಲ. ಆಫೀಸಿನ ಗೆಳೆಯ 300 ಕೊಟ್ಟಿದ್ದ.

ಸುಮ್ನೆ ಓದುಗ:
ಹೇಳಿರಲಿಲ್ಲ! ಓಹಾಯೊದಲ್ಲಿ ಜಿಂಕೆಗೆ ರೈಫಲ್ ಅಂದ್ರೆ ನೇರ ಗೋಡೆಯ ತೋಟೆ ಮಾತ್ರ, .357ರಿಂದ .50ರವರೆಗೆ. .30-30 ಸೀಸೆಯ ಹಾಗೆ ಕತ್ತು ಇರುವ ತೋಟೆ. ಗೌಡ್ರ ಮಾತು ಕೇಳಿದ್ದರೆ ದಂಡ ಕಟ್ಟುತ್ತಿದ್ದಿರಿ. ಚೇಂಬರ್, ಮ್ಯಾಗಜೀನ್ ಸೇರಿ ಮೂರೇ ತೋಟೆ ತುಂಬಬೇಕು, ಅದೂ ನೆನಪಿರಲಿ.

ಇನ್ನು ವಾಡ್‌ಕಟರ್. ಅದಕ್ಕೆ ಮೂಗೇ ಇಲ್ಲ, ಮೊಂಡು. ಕಾಗದದ ಗುರಿಯಲ್ಲಿ ದುಂಡಗೆ ತೂತು ಕೊರೆಯಲು ಮಾಡಿದ್ದು. ರಿವಾಲ್ವರಿನಲ್ಲಿ ಕೈಯಿಂದ ತುಂಬುತ್ತೀರಿ, ಸರಿ. ಲಿವರ್ ರೈಫಲಿನಲ್ಲಿ ತೋಟೆ ಕೆಳಗಿನಿಂದ ಓರೆಯಾಗಿ ಏರಿ ಚೇಂಬರಿಗೆ ಜಾರಬೇಕು. ಮೊಂಡು ಅಂಚು ಅಲ್ಲೇ ಕಚ್ಚುತ್ತದೆ. ನಿಮ್ಮ ಹೆರೆದ ಸೀಸ ಅದೇ. 158 ಗ್ರೇನ್ .357, ಮೂಗು ದುಂಡಗಿದ್ದು ತುದಿ ಚಪ್ಪಟೆ ಇರುವುದು ಹಾಕಿ ನೋಡಿ. ಮೊದಲು ಚೇಂಬರ್ ಉಜ್ಜಿ. .38 ಗಿಡ್ಡ ತೋಟೆ, ಅದರ ಮುಂದೆ ಮಸಿ ಉಂಗುರದ ಹಾಗೆ ಕಟ್ಟಿರುತ್ತದೆ.

ಟೆಕ್ಸಾಸ್ ಗೌಡ:
ರಾಜ್ಯ ಮೊದಲೇ ಹೇಳಬೇಕಿತ್ತು. ಹಾಗಾದ್ರೆ .45-70 ತಗೊಳ್ಳಿ. ನನ್ನ ಸೇಫಿನಲ್ಲಿ ನಾಲ್ಕು ಲಿವರ್ ಇವೆ. .45-70ಯ ಲಿವರಿಗೆ ಚರ್ಮದ ಸುತ್ತು ನಾನೇ ಹೊಲಿದಿದ್ದೇನೆ. ಫೋಟೋ ಹಾಕಲಾ?

ಸುಮ್ನೆ ಓದುಗ:
ಹಗುರ ಗಿಡ್ಡ ರೈಫಲಿನಲ್ಲಿ ಅದು ಭುಜಕ್ಕೆ ಗೂಳಿ ಗುಮ್ಮಿದ ಹಾಗೆ. ಬದಲಾಯಿಸಲೇಬೇಕು ಅಂದ್ರೆ .44 ಸಾಕು.

ಹೊಸ ಬೇಟೆಗಾರ:
ಚೇಂಬರ್ ಉಜ್ಜಿ .357 ಹಾಕಿದೆ. 40ರಲ್ಲಿ ಒಂದೇ ಸಿಕ್ಕಿಕೊಂಡಿತು, ಅದೂ ನಾನು ಲಿವರನ್ನು ಅಂಜುತ್ತಾ ಎಳೆದಾಗ. ಸದ್ಯಕ್ಕೆ ಮಾರುವುದಿಲ್ಲ. ವಾಡ್‌ಕಟರ್ ಗೆಳೆಯನಿಗೇ ವಾಪಸ್, ಅವನ ಹತ್ತಿರ ರಿವಾಲ್ವರ್ ಇದೆ.

ಮದ್ದುಗುಂಡು:
ಸ್ಪ್ರಿಂಗ್ ಎಷ್ಟು ಸುತ್ತು ಕತ್ತರಿಸಿದಿರಿ?